ಮೂರನೇ ಮಹಡಿಯಲ್ಲಿ ಯಾರೂ ಇಲ್ಲ

ಕಳೆದ ವಾರ ಹಲ್ಲುನೋವೆಂದು ಜೆ.ಪಿ. ನಗರಕ್ಕೆ ಹೊರಟಾಗ ಸಹೋದ್ಯೋಗಿಯೊಬ್ಬರು ಬೈಕಿನಲ್ಲಿ ಬಿಡುತ್ತೇನೆಂದರು. ಹಿಂದೆ ಕೂರುವವರಿಗೆಂದು ಅವರು ಇಟ್ಟುಕೊಂಡಿದ್ದ ಹೆಲ್ಮೆಟ್ ಹಿಂದಿನ ದಿನದ ಮಳೆಯಲ್ಲಿ ನೆನೆದಿತ್ತು. ಅದನ್ನು ತಲೆಗೇರಿಸಿ ಪಟ್ಟಿ ಬಿಗಿದುಕೊಂಡ ಕೂಡಲೇ ಒದ್ದೆ ಸ್ಪಂಜು, ಯಾರದೋ ತಲೆಯೆಣ್ಣೆ, ಹಳೇ ಬೆವರು ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಬನಶಂಕರಿ ದಾಟುವವರೆಗೂ ಹಲ್ಲುನೋವು ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಏಳು ವರ್ಷದ ಹಿಂದಿನ ಒಂದು ಆಷಾಢ.

ಏಳೋ ಎಂಟೋ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಒಬ್ಬನೇ ಸಾಕ್ಷಿಯಿರುವ ಸಂಗತಿಯನ್ನು ಸುಲಭವಾಗಿ ನಂಬಬೇಡಿ, ಆ ಸಾಕ್ಷಿಗೆ ಅದರಿಂದ ಲಾಭವಾಗಿದ್ದರಂತೂ ನಂಬಲೇಬೇಡಿ ಎಂದು ನಮ್ಮ ಮೇಷ್ಟ್ರು ಎರಡು ವರ್ಷ ಹೇಳಿಕೊಟ್ಟಿದ್ದರು. ಈ ಸಂಗತಿಗೆ ಪೂರ್ತಿ ಸಾಕ್ಷಿ ನಾನೊಬ್ಬನೇ, ಲಾಭವಾದದ್ದೂ ನನಗೇ. ಈಗ ಪಾಠ ಮಾಡುವ ಕಾಲೇಜಿನಲ್ಲಿ, ಕೊನೆಯ ವರ್ಷದ ಹುಡುಗರು ಆಫರ್ ಲೆಟರ್ ಹಿಡಿದು "ಸಾರ್, ಸೇರ್ಲಾ ಬೇಡ್ವಾ?" ಎಂದು ಬಂದಾಗ, ಮನಸ್ಸಿಗೊಪ್ಪದ ಕೆಲಸವನ್ನು ನಾನು ಕೈಗೆ ಬಂದ ಮೇಲೂ ಬಿಟ್ಟೆ ಎಂದು ಹೇಳುತ್ತ ಬಂದಿದ್ದೇನೆ. ಅವರು ಮೆಚ್ಚಿಕೊಂಡು ಹೋಗುತ್ತಾರೆ. ಹೇಳಿ ಹೇಳಿ ಕತೆ ನುಣುಪಾಗಿಬಿಟ್ಟಿದೆ. ಇಲ್ಲಿ ಅದನ್ನೇ, ಉದುರಿಹೋದ ಭಾಗಗಳನ್ನು ಹುಡುಕಿ ಸೇರಿಸಿ ಬರೆಯುತ್ತಿದ್ದೇನೆ.

ಆ ವರ್ಷ ಸಂಶೋಧನೆಗೆ ಸೇರಬೇಕೆಂದಿದ್ದೆ. ಪ್ರವೇಶ ಪರೀಕ್ಷೆಯಲ್ಲಿ ಆಗಲಿಲ್ಲ. ಜೂನ್ ತಿಂಗಳಿಡೀ ಜಯನಗರದಿಂದ ಬಿಟಿಎಂ ಲೇಔಟಿನವರೆಗೆ ಒಂದೇ ಇಸ್ತ್ರಿ ಅಂಗಿಯಲ್ಲಿ ಇಂಟರ್‌ವ್ಯೂಗಳಿಗೆ ತಿರುಗಿದೆ. "ಹಿಸ್ಟರಿನಾ?" ಎಂದು ಎಲ್ಲರೂ ಒಂದೇ ರಾಗದಲ್ಲಿ ಕೇಳಿದರು. ಕೊನೆಗೆ ಕೆಲಸ ಕೊಡುತ್ತೇವೆಂದದ್ದು ಜೆ.ಪಿ. ನಗರದ ಬೇಕರಿಯೊಂದರ ಮೇಲಿದ್ದ ಸಣ್ಣ ಕಂಪನಿ. ದೊಡ್ಡ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವ ಮೊದಲು, ಆ ಹೊಸಬರು ತಾವು ಹೇಳಿದ ವಿಳಾಸದಲ್ಲಿ ನಿಜವಾಗಿ ಇದ್ದಾರೆಯೇ ಎಂದು ತಿಳಿಯಬೇಕಲ್ಲ. ಮನೆಬಾಗಿಲಿಗೆ ಹೋಗಿ ವಿಚಾರಿಸಿ ವರದಿ ಕೊಡುವುದು ಈ ಕಂಪನಿಯ ಕಸುಬು. ನನ್ನ ಹುದ್ದೆ ಫೀಲ್ಡ್ ಅಸೋಸಿಯೇಟ್. ಅಲ್ಲಿನ ಮ್ಯಾನೇಜರ್ ಮೇಡಂ ಪತ್ರ ಮುಂದೆ ತಳ್ಳಿ, "ಹತ್ತು ದಿನ ಟೈಮು. ಅಷ್ಟರಲ್ಲಿ ಮೂರು ದಿನ ನಮ್ಮ ಸೀನಿಯರ್ ಜೊತೆ ಸುತ್ತಾಡಿ ನೋಡಿ. ಇಷ್ಟ ಆದ್ರೆ ಮುಂದಿನ ವಾರ ಶುಕ್ರವಾರ ಬಂದು ಸೈನ್ ಮಾಡಿ," ಎಂದರು. "ಇಷ್ಟ ಆಗೋ ಕೆಲಸ ಅಲ್ಲ ಇದು," ಎಂದೂ ಸೇರಿಸಿದರು. ಇದನ್ನು ಅವರು ನಿಜವಾಗಿ ಹೇಳಿದರೋ ನಾನು ಆಮೇಲೆ ಅವರ ಬಾಯಿಗೆ ಹಾಕಿದೆನೋ, ಖಚಿತವಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಅಪ್ಪನಿಗೆ ಪತ್ರ ತೋರಿಸಿದೆ.

"ಏನು ಕೆಲ್ಸ?"

"ಜನ ಹೇಳಿದ ವಿಳಾಸದಲ್ಲಿ ಇದಾರಾ ಅಂತ ಹೋಗಿ ನೋಡೋದು."

"ಗೇಟ್ ಬಡಿಯೋದು?"

"ಹೆಚ್ಚುಕಮ್ಮಿ."

"ಇದಕ್ಕೆ ಎಂ.ಎ. ಬೇಕಿತ್ತೇನೋ?" ಎಂದು ಅಪ್ಪ ಲೋಟ ಕೆಳಗಿಟ್ಟರು. ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. "ಹೋಗ್ಲಿ, ಕಂಪ್ನಿ ಕಂಪ್ನೀನೇ. ಕುತ್ತಿಗೇಲಿ ಟ್ಯಾಗ್ ನೇತಾಡ್ತಿದ್ರೆ ಸಾಕು. ತಿರುಗಿಸಿ ಯಾವನು ಓದ್ತಾನೆ?"

ಅಜ್ಜಿ ಬಾಗಿಲಲ್ಲಿ ಕೂತು ಅವರೆಕಾಳು ಆರಿಸುತ್ತಿದ್ದವರು ತಲೆ ಎತ್ತಿದರು. "ಆಷಾಡ್ದಾಗೆ ಹೊಸ ಕೆಲ್ಸಕ್ಕೆ ಕೈ ಹಾಕ್ತಾರೇನ್ಲಾ? ಶ್ರಾವಣ ಬರ್ಲಿ."

"ಕಂಪ್ನಿಯೋರಿಗೆ ಆಷಾಢ ಇಲ್ಲ ಅಜ್ಜಿ."

"ಇಲ್ದೆ ಏನು? ಅವ್ರಿಗೆ ಗೊತ್ತಿಲ್ಲ ಅಷ್ಟೆಯಾ."

ನಮ್ಮದು ಕತ್ರಿಗುಪ್ಪೆಯ ಹಳೇ ಊರಿನ ಮನೆ. ತಾತನ ಕಾಲಕ್ಕೆ ರಾಗಿ ಹೊಲವಿದ್ದ ಜಾಗದಲ್ಲಿ ಈಗ ನಮ್ಮ ಕಟ್ಟಡ ನಿಂತಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಕಾಗದದ ಪ್ರಕಾರ ಅದು ಎರಡನೇ ಮಹಡಿಗೆ ಮುಗಿಯುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಅದರ ಮೇಲೆ ಇನ್ನೊಂದು ಏರಿಸಿ, ಅರ್ಧ ಭಾಗಕ್ಕೆ ಶೀಟು ಹೊದಿಸಿ, ಒಂದು ಕೋಣೆ, ಬಚ್ಚಲು, ಅಡುಗೆಕಟ್ಟೆ ಮಾಡಿದರು. ಪ್ಲಾನಿನಲ್ಲಿ ಇಲ್ಲದ ಮಹಡಿ ಅದು. ನಮ್ಮ ಬೀದಿಯಲ್ಲಿ ಅಂಥದ್ದೊಂದು ಮಹಡಿ ಇಲ್ಲದ ಮನೆ ಹುಡುಕಬೇಕು. ಹಾಗಾಗಿ ಬೀದಿಗೆಲ್ಲ ಒಂದು ಕಟ್ಟಳೆಯಿತ್ತು, ಯಾರೂ ಬರೆದಿಡದ, ಯಾರೂ ಮೀರದ ಕಟ್ಟಳೆ: ಫೈಲೋ ಅಳತೆ ಟೇಪೋ ಹಿಡಿದು ಪಾಲಿಕೆಯವರಂಥ ಯಾರಾದರೂ ಬಂದು ಮೇಲೆ ಕೈ ತೋರಿಸಿ ಕೇಳಿದರೆ, "ಮೇಲೆ ಯಾರೂ ಇಲ್ಲ, ನೀರಿನ ಟ್ಯಾಂಕು," ಎನ್ನಬೇಕು. ನಮ್ಮ ಮನೆಗೆ ಕೇಳಿದರೆ ಎದುರಿನವರೂ ಹಾಗೇ ಹೇಳಬೇಕು, ಎದುರು ಮನೆಗೆ ಕೇಳಿದರೆ ನಾವು. ಅಂಥವರಿಗೆ ಅಜ್ಜಿ ಇಟ್ಟ ಹೆಸರು ಟೇಪಿನೋರು. ಚಿಕ್ಕವನಿದ್ದಾಗ ನಾನೂ ಗೇಟಿನ ಮೇಲೆ ನೇತಾಡುತ್ತ ಎಷ್ಟೋ ಜನಕ್ಕೆ ಈ ಮಾತು ಒಪ್ಪಿಸಿದ್ದೇನೆ.

ಆ ವರ್ಷ ಇಲ್ಲದ ಆ ಮಹಡಿಯಲ್ಲಿ ಮಹಾದೇವಿ ಇದ್ದಳು. ಗಜೇಂದ್ರಗಡದ ಕಡೆಯವಳು, ನನಗಿಂತ ಒಂದು ವರ್ಷ ದೊಡ್ಡವಳಿರಬೇಕು. ಬಿಟಿಎಂನಲ್ಲಿ ಮೊಬೈಲ್ ಗ್ರಾಹಕರ ಬೈಗುಳ ಕೇಳುವ ಕೆಲಸದಲ್ಲಿದ್ದಳು. ಅಲ್ಲಿನ ಪಿಜಿಯ ಊಟ ಸಾಕಾಗಿ ನಮ್ಮಲ್ಲಿಗೆ ಬಂದಿದ್ದಳು. ವಾರಕ್ಕೊಮ್ಮೆ ಅಜ್ಜಿಗೆ ಖಡಕ್ ರೊಟ್ಟಿ ಕೊಡುವಳು. ಹಲ್ಲಿಲ್ಲದ ಅಜ್ಜಿ ಅದನ್ನು ಸಾರಿನಲ್ಲಿ ನೆನೆಸಿ ತಿಂದು, "ಇದೇನವ್ವ, ಹಂಚಿನ ಚೂರು," ಎಂದು ನಗುವರು.

ನಾನು ಪತ್ರ ಮಡಿಸಿಕೊಂಡು ಟೆರೇಸಿಗೆ ಹೋದಾಗ ಅವಳು ಒಣಹಾಕಿದ ಬಟ್ಟೆಗೆ ಕ್ಲಿಪ್ಪಿನ ಮೇಲೆ ಕ್ಲಿಪ್ಪು ಹಾಕುತ್ತಿದ್ದಳು. ಆಷಾಢದ ಗಾಳಿ, ಶೀಟಿನ ಒಂದು ಮೂಲೆ ಬಿಟ್ಟುಕೊಂಡು ಪಟಪಟ ಬಡಿಯುತ್ತಿತ್ತು.

"ಏನ್ರೀ ಸರ, ಮಾರಿ ಯಾಕ ಹಿಂಗ ಮಾಡೀರಿ?"

ಪತ್ರ ಕೊಟ್ಟೆ. ಅವಳು ಓದಿ, ಒಳಗೆ ಹೋಗಿ ತನ್ನದೊಂದು ಪತ್ರ ತಂದು ಪಕ್ಕಕ್ಕಿಟ್ಟಳು. ಬ್ಯಾಂಕೊಂದರ ಕಚೇರಿಯಲ್ಲಿ ಕಡತ ಪರಿಶೀಲಿಸುವ ಕೆಲಸ. "ನಿಮ್ದೂ ಎಂಟ್ರಿ ಲೆವೆಲ್, ನಮ್ದೂ ಎಂಟ್ರಿ ಲೆವೆಲ್. ನೀವು ಅಳಾಕತ್ತೀರಿ, ನಾ ಪೇಢೆ ತಂದೀನಿ. ತಗೋರಿ."

ಪೇಢೆ ತಿಂದೆ. ಅವಳಾಗಲೇ ಹಳೇ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಳು. ಊರಿನಲ್ಲಿ ಅಣ್ಣ ಒಂದು ಗಂಡು ನೋಡಿಟ್ಟಿದ್ದ. ಅವಳು ಒಂದು ವರ್ಷ ಕೇಳಿಕೊಂಡಿದ್ದಳು. ಆ ವರ್ಷ ಬರುವ ನಾಗರಪಂಚಮಿಗೆ ಮುಗಿಯುತ್ತಿತ್ತು. "ಪಂಚಮಿಗೆ ಊರಿಗೆ ಹೋಗೂದ್ರೊಳಗ ಬ್ಯಾಂಕಿನ ಕಾರ್ಡ್ ಕೊರಳಾಗ ಇರಬೇಕ್ರಿ. ಇಲ್ಲಾಂದ್ರ ಹೋದಾಕಿ ತಿರುಗಿ ಬರಂಗಿಲ್ಲ," ಎಂದಳು. ನಗುತ್ತಲೇ ಅಂದಳು. ಆಮೇಲೆ, "ಇಲ್ಲಿ ಇರತೀನೋ ಇಲ್ಲೋ ಅಂತ ನೋಡಾಕ ಯಾರರ ಬರ್ತಾರಂತ. ಅಜ್ಜಿಗೆ ಹೇಳಿಟ್ಟೀನಿ," ಎಂದಳು.

ನಾನು, "ನಮ್ಮ ಕಂಪ್ನಿಯೋರೇ ಬಂದ್ರೂ ಬಂದ್ರು," ಎಂದೆ. ಅವಳು, "ಹಂಗಾದ್ರ ಚಿಂತೀನ ಇಲ್ಲ ಬಿಡ್ರಿ," ಎಂದಳು. ಈ ಎರಡು ಮಾತು ಬರೆದ ಮೇಲೆ ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಇಷ್ಟು ಸರಿಯಾಗಿ ಹೊಂದುವ ಮಾತುಗಳು ನಿಜವಾಗಿ ಆಡಿದವಾಗಿರುವುದು ಕಡಿಮೆ. ಆದರೆ ಬಾಯಲ್ಲಿ ಪೇಢೆ ಇಟ್ಟುಕೊಂಡು ಆಡಿದ್ದೆಂಬ ನೆನಪಿದೆ.

ನನ್ನನ್ನು ಸುತ್ತಾಡಿಸಲು ನೇಮಿಸಿದ ಸೀನಿಯರ್ ಹೆಸರು ಮುರಳಿ. ಮೂವತ್ತರ ಆಸುಪಾಸು, ಸಣಕಲು, ಎಲ್ಲರಿಗೂ 'ಗುರು', ಖುಷಿಯಾದರೆ 'ಮಗಾ'. ಬೈಕಿನ ಪಕ್ಕಕ್ಕೆ ನೇತುಹಾಕಿದ್ದ ಎರಡನೇ ಹೆಲ್ಮೆಟ್ ನನಗೆ ಕೊಟ್ಟ. ಮೊದಲ ದಿನ ಬಿಟಿಎಂನ ಪಿಜಿಗಳು. ಎಲ್ಲ ಸಲೀಸು, ಹುಡುಗರು ಬನಿಯನ್ನಿನಲ್ಲಿ ಇಳಿದು ಬಂದು ಆಧಾರ್ ತೋರಿಸಿ ಹೋದರು. ಮುರಳಿ ಮೊಬೈಲಿನಲ್ಲಿ ಬಣ್ಣ ಒತ್ತುತ್ತಿದ್ದ.

"ನೋಡು ಗುರು, ನಾವು ಯಾರಿಗೂ ಕೆಲಸ ಕೊಡ್ಸಲ್ಲ, ಯಾರ ಕೆಲಸಾನೂ ತೆಗೆಯಲ್ಲ. ಬರೀ ಬಣ್ಣ ಹಾಕ್ತೀವಿ. ಇದಾನೆ ಅಂದ್ರೆ ಹಸಿರು. ಇಲ್ಲ ಅಂದ್ರೆ ಕೆಂಪು. ಬಾಗಿಲು ಬೀಗ ಇದ್ರೆ ಹಳದಿ, ಇನ್ನೊಂದ್ಸಲ ಬರ್ಬೇಕು."

"ಕೆಂಪು ಆದ್ರೆ?"

"ಆಮೇಲೆ ಅವ್ರುಂಟು, ಅವ್ರ ಕಂಪ್ನಿ ಉಂಟು."

ಎರಡನೇ ದಿನ ಹೊಸಕೆರೆಹಳ್ಳಿ. ಕೆರೆಯ ಕಡೆಯಿಂದ ಪಾಚಿಯ ನಾತ ಹೊತ್ತ ಗಾಳಿ ಬೀಸುತ್ತಿತ್ತು. ಒಂದು ಮನೆಯ ಮಾಲೀಕ, ನಮ್ಮ ತಾತನಂಥದೇ ರುಮಾಲಿನ ಮುದುಕ, ಹೆಸರು ಕೇಳುತ್ತಲೇ "ಅಂಥೋರು ಯಾರೂ ಇಲ್ಲ," ಎಂದು ಗೇಟು ಹಾಕಿಕೊಂಡ. ಮೇಲೆ ತಂತಿಯ ಮೇಲೆ ಗಂಡಸಿನ ಎರಡು ಪ್ಯಾಂಟು, ಯಾವುದೋ ಕಚೇರಿಯ ಬಿಲ್ಲೆಯಿದ್ದ ಅಂಗಿ ತೂಗುತ್ತಿದ್ದವು. ಮುರಳಿಯೂ ನೋಡಿದ. ಕೆಂಪು ಒತ್ತಿದ.

"ಬಟ್ಟೆ ಕಾಣಿಸ್ತಲ್ಲ?"

"ಬಟ್ಟೆ ಮಾತಾಡಲ್ಲ ಗುರು. ಫಾರ್ಮಲ್ಲಿ ಹೇಳಿಕೆ ಅಂತ ಕಾಲಂ ಇದೆ. ಬಟ್ಟೆ ಅಂತ ಕಾಲಂ ಇಲ್ಲ."

ಆ ದಿನ ನಕ್ಕೆ. ಒಳ್ಳೆಯ ಮಾತು, ಸ್ನೇಹಿತರಿಗೆ ಹೇಳಬೇಕು ಎಂದುಕೊಂಡೆ. ಆ ಮುದುಕ ಏಕೆ ಹಾಗಂದನೆಂದು ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಮೋಡ ಕವಿದ ಮಧ್ಯಾಹ್ನ, ಹನಿಯೂ ಇಲ್ಲ ಬಿಸಿಲೂ ಇಲ್ಲ. ಮನೆಗೆ ಬರುವಾಗ ನಮ್ಮ ಹಿಂದಿನ ಬೀದಿಯಲ್ಲಿ ಎರಡು ಮನೆಗಳ ಗೋಡೆಗೆ ಪಾಲಿಕೆಯವರು ಒಡೆಯುವ ಗುರುತೆಂದು ಕೆಂಪು ಬಣ್ಣದಲ್ಲಿ ಗೀಟೆಳೆದು ಪಕ್ಕದಲ್ಲಿ ಸಂಖ್ಯೆ ಬರೆದು ಹೋಗಿದ್ದರು. ಜನ ಗುಂಪುಕಟ್ಟಿ ಆ ಗೀಟನ್ನು ನೋಡುತ್ತಿದ್ದರು.

ಮೂರನೇ ದಿನ ಬೆಳಿಗ್ಗೆ ಮುರಳಿ, "ಇವತ್ತು ಕತ್ರಿಗುಪ್ಪೆ," ಎಂದ. ನನಗೆ ಹೆದರಿಕೆಯಾಯಿತು. ಹೆದರಿದ್ದು ಇನ್ನಾವುದಕ್ಕೂ ಅಲ್ಲ, ನಾಚಿಕೆಗೆ. ಆ ಬೀದಿಗಳಲ್ಲಿ ನಾನು ಎಂ.ಎ. ಓದಿದ ಹುಡುಗ, ಅಂಗಡಿಯವರು ಎದ್ದು ಮಾತಾಡಿಸುತ್ತಿದ್ದರು. ಫೈಲು ಹಿಡಿದು ಅದೇ ಗೇಟುಗಳನ್ನು ಬಡಿಯುವುದನ್ನು ಅವರು ನೋಡಬಾರದು. ಅವತ್ತಿಡೀ ನಾನು ಹೆಲ್ಮೆಟ್ ತೆಗೆಯಲಿಲ್ಲ. ಬೈಕಿನಿಂದ ಇಳಿದರೂ ತೆಗೆಯಲಿಲ್ಲ, ಗಾಜೂ ಮೇಲೆತ್ತಲಿಲ್ಲ. "ತಲೆಗೆ ಅಂಟಿಸ್ಕೊಂಡಿದ್ಯಾ?" ಎಂದು ಮುರಳಿ ಕೇಳಿದ. ಶೀತ ಎಂದೆ.

ಐದನೆಯದೋ ಆರನೆಯದೋ ವಿಳಾಸ ಅವನು ಗಟ್ಟಿಯಾಗಿ ಓದಿದಾಗ ಅದು ನಮ್ಮ ಮನೆಯದಾಗಿತ್ತು. ಮೂರನೇ ಮಹಡಿ. ಮಹಾದೇವಿಯ ಹೆಸರು.

ಆಗಲೇ ಹೇಳಬಹುದಿತ್ತು. "ಇದು ನಮ್ಮನೇನೇ ಮಾರಾಯ, ಅವಳು ಇದಾಳೆ, ಹಸಿರು ಒತ್ತು," ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಏಕೆಂದರೆ ಹೇಳಿದರೆ ಮುರಳಿ ನಗುತ್ತ ನನ್ನನ್ನು ಮುಂದೆ ತಳ್ಳಿಕೊಂಡು ಒಳಗೆ ಬರುತ್ತಾನೆ, ಕಾಫಿ ಕೇಳುತ್ತಾನೆ, ಬೀದಿಗೆ ಗೊತ್ತಾಗುತ್ತದೆ. ಮಹಾದೇವಿ ಹೊರಗೆ ಹೋಗಿದ್ದರೂ ಅಜ್ಜಿಗಂತೂ ಹೇಳಿಟ್ಟಿದ್ದಾಳೆ, ಅಜ್ಜಿ "ಇದಾಳೆ" ಅನ್ನುತ್ತಾರೆ, ಎರಡು ನಿಮಿಷದ ಕೆಲಸ. ಹೀಗೆ ಲೆಕ್ಕ ಹಾಕಿದೆ. ಅಥವಾ ಹೀಗೆ ಲೆಕ್ಕ ಹಾಕಿದೆನೆಂದು ಈಗ ಅಂದುಕೊಳ್ಳುತ್ತಿದ್ದೇನೆ.

ಅಜ್ಜಿ ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಕೂತಿದ್ದರು. ಮುರಳಿ ಮೊದಲು ಏನೂ ಕೇಳಲಿಲ್ಲ. ಕೆಲಸದ ನಿಯಮ ಹಾಗಿತ್ತು. ಮೊದಲು ಕಟ್ಟಡದ ಫೋಟೋ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಮೊಬೈಲ್ ಎತ್ತಿ, ಮೂರನೇ ಮಹಡಿ ಸಿಗುವಂತೆ ವಾಲಿಸಿ ಹಿಡಿದ. ಅಜ್ಜಿಯ ಮುಖ ಅಲ್ಲಿಗೇ ಗಡುಸಾಯಿತು.

"ಅಜ್ಜಿ, ಮೇಲ್ಗಡೆ ಮಹಾದೇವಿ ಅಂತ ಇದಾರಾ?"

"ಮ್ಯಾಲೆ ಯಾರೂ ಇಲ್ಲಪ್ಪ."

"ಮೂರನೇ ಫ್ಲೋರು."

"ಮೂರ್ನೇದು ಎಲ್ಲೈತೆ? ನೀರಿನ ಟ್ಯಾಂಕು ಐತೆ ಅಷ್ಟೆಯಾ."

"ಹುಡುಗಿ, ಉತ್ತರ ಕರ್ನಾಟಕದೋರು…"

"ಯಾವ್ ಹುಡುಗೀನೂ ಇಲ್ಲ, ಗಿಡುಗೀನೂ ಇಲ್ಲ. ಹೋಗ್ರಪ್ಪ."

ಮುರಳಿ ಎದುರಿನ ಹೊಂಗೆಮರದ ಕೆಳಗಿದ್ದ ಇಸ್ತ್ರಿ ಗಾಡಿಯವನನ್ನು ಕೇಳಿದ. ಹಿಂದಿನ ದಿನವಷ್ಟೇ ಮಹಾದೇವಿಯ ಸೀರೆಗೆ ಇಸ್ತ್ರಿ ಹಾಕಿದ್ದ ಆತ ಪೆಟ್ಟಿಗೆಯ ಕೆಂಡ ಊದುತ್ತ, "ಗೊತ್ತಿಲ್ಲ ಸಾರ್, ನಾನು ಈ ಕಡೆಯೋನಲ್ಲ," ಎಂದ.

ನಾನು ಬೈಕಿನ ಪಕ್ಕ, ಅಜ್ಜಿಯಿಂದ ಹತ್ತು ಹೆಜ್ಜೆ ದೂರದಲ್ಲಿದ್ದೆ. ಉಸಿರಿಗೆ ಗಾಜು ಮಂಜಾಗಿತ್ತು. ಬಾಯಿ ತೆರೆದಿದ್ದರೆ ಅಜ್ಜಿಗೆ ದನಿ ಗೊತ್ತಾಗುತ್ತಿತ್ತು. ತೆರೆಯಲಿಲ್ಲ. ಅಜ್ಜಿ ಒಮ್ಮೆ ನನ್ನ ಕಡೆ ನೋಡಿದರು. ನನ್ನ ಅಂಗಿಯನ್ನು ಅವರೇ ಬೆಳಿಗ್ಗೆ ತಂತಿಯಿಂದ ತೆಗೆದು ಕೊಟ್ಟಿದ್ದರು. ಗುರುತು ಹಿಡಿದರೇ? ಹಿಡಿದಿದ್ದರೆ, ನಾನು ಸುಮ್ಮನಿರುವುದನ್ನು ಕಂಡು, ಇಲ್ಲವೆನ್ನುವುದೇ ಸರಿಯೆಂದುಕೊಂಡರೇ? ಅಜ್ಜಿ ಇದ್ದಷ್ಟು ದಿನ ಕೇಳಲಿಲ್ಲ. ಈಗ ಕೇಳುವಂತಿಲ್ಲ.

ಬಸ್‌ಸ್ಟಾಪಿನ ಬೇಕರಿಯಲ್ಲಿ ಮುರಳಿ ಟೀ ಹೇಳಿ, ಮೊಬೈಲ್ ನನ್ನ ಕೈಗೆ ಕೊಟ್ಟ. "ಬರಿ ಮಗಾ, ಪ್ರಾಕ್ಟೀಸು." ನಾನು ಬರೆದೆ: ಸದರಿ ವ್ಯಕ್ತಿ ಈ ವಿಳಾಸದಲ್ಲಿ ವಾಸವಿಲ್ಲ. ಹೇಳಿಕೆ ಕೊಟ್ಟವರು, ಮನೆಯ ಹಿರಿಯ ಮಹಿಳೆ. 'ಸದರಿ' ನೋಡಿ ಮುರಳಿ, "ಎಂ.ಎ. ಅಂದ್ರೆ ಎಂ.ಎ.," ಎಂದು ಮೆಚ್ಚಿಕೊಂಡ. ಬನ್ ತಿಂದು ಮುಗಿಸಿ ಹೇಳೋಣ, ಹಳದಿಯಾದರೂ ಮಾಡಿಸೋಣ ಎಂದುಕೊಂಡೆ. ಬನ್ ಅರ್ಧ ಇರುವಾಗಲೇ ಅವನು ಒತ್ತಿಬಿಟ್ಟಿದ್ದ. ಪರದೆಯ ಮೇಲೆ ಒಂದು ಚಕ್ರ ತಿರುಗಿ ನಿಂತಿತು.

ಆಮೇಲಿನ ಎರಡು ದಿನ ನಮ್ಮ ಮನೆಯಲ್ಲಿ ಏನೂ ಆಗಲಿಲ್ಲ. ಇಡೀ ಆಷಾಢದಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಆ ಎರಡು ದಿನ. ಮಹಾದೇವಿ ಹೊಸ ಚಪ್ಪಲಿ ತಂದಳು. ಕಚೇರಿಗೆ ಯಾವ ಬಸ್ಸು ಹಿಡಿಯಬೇಕೆಂದು ಅಪ್ಪನನ್ನು ಕೇಳಿದಳು. ಅಪ್ಪ ಉತ್ಸಾಹದಿಂದ ಮೂರು ದಾರಿ ಹೇಳಿದರು. ಮೇಲಿನಿಂದ ಅವಳ ಹೆಜ್ಜೆಯ ಸದ್ದು ಕೇಳಿದಾಗೆಲ್ಲ ನಾನು ಪುಸ್ತಕ ತೆರೆಯುತ್ತಿದ್ದೆ. ಮೂರನೇ ದಿನ, ಮಂಗಳವಾರ, ಅವಳು ಮೊಬೈಲ್ ಹಿಡಿದುಕೊಂಡು ಚಪ್ಪಲಿಯಿಲ್ಲದೆ ಇಳಿದು ಬಂದಳು.

"ಅಜ್ಜೀ, ಯಾರರ ಬಂದಿದ್ರೇನ್ರಿ, ನನ್ನ ಕೇಳ್ಕೊಂತ?"

ಅಜ್ಜಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದಾಗ ಕೈಯಲ್ಲಿದ್ದ ಮೊರ ಜಾರಿತು. "ಅಯ್ಯೋ… ಟೇಪಿನೋರು ಅಂದ್ಕೊಂಡೆ ಕಣವ್ವ. ಫೋನ್ ಎತ್ತಿ ಮನೆ ಪಟ ಹಿಡ್ದ."

"ನನ್ನ ಹೆಸರು ಹೇಳಲಿಲ್ಲೇನ್ರಿ?"

"ಹೇಳ್ದ. ಅವ್ರು ಹೆಸ್ರು ಹೇಳ್ಕೊಂಡೇ ಬರ್ತಾರೆ, ಬಾಡಿಗೆಯೋರ ಹೆಸ್ರು ತಿಳ್ಕೊಂಡು ಬರ್ತಾರೆ." ಅಜ್ಜಿ ಬಗ್ಗಿ ಮೊರ ಎತ್ತಿಕೊಂಡರು. "ಇಬ್ರು ಬಂದಿದ್ರು. ಇನ್ನೊಬ್ಬ ಹೆಲ್ಮೆಟ್ಟೇ ತೆಗೀಲಿಲ್ಲ."

ನಾನು ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲವೆಂದೇ ನನ್ನ ನೆನಪು. ಮಹಾದೇವಿ ಮೊರದಿಂದ ಚೆಲ್ಲಿದ ಕಾಳು ಆರಿಸಲು ಕೂತಳು. "ಇರ್ಲಿ ಬಿಡ್ರಿ ಅಜ್ಜಿ. ನಿಮಗೇನ ಗೊತ್ತು ಪಾಪ," ಎಂದಳು. ವರದಿ ಕೆಂಪೆಂದು ಅವಳ ಕೆಲಸ ತಡೆಹಿಡಿದ ಬ್ಯಾಂಕಿನವರು ಖಡಾಖಂಡಿತವಾಗಿ ಹೇಳಿದ್ದರು: ಮಾಲೀಕರ ಮನೆಯವರೇ ಇಲ್ಲವೆಂದ ಮೇಲೆ ಮಾಲೀಕರ ಪತ್ರ ನಡೆಯುವುದಿಲ್ಲ, ತನಿಖೆ ಮಾಡಿದವರೇ ವರದಿ ತಿದ್ದಬೇಕು.

ನಾನು ರಸ್ತೆಯ ತುದಿಗೆ ಹೋಗಿ ಮುರಳಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ನಿಮ್ಮನೆ ಅಂತ ಬಾಯಿಬಿಟ್ಟು ಹೇಳೋಕೆ ಏನು ರೋಗ ಗುರು ನಿಂಗೆ?"

"ಈಗ ಏನ್ಮಾಡ್ಬಹುದು?"

"ರೀ-ವಿಸಿಟ್ ಹಾಕ್ಬಹುದು. ಶನಿವಾರದೊಳಗೆ. ನಾನು ಹಾಕಿದ್ರೆ ಮೊದ್ಲು ಯಾಕೆ ಸರಿಯಾಗಿ ನೋಡ್ಲಿಲ್ಲ ಅಂತ ನನ್ನ ಹಿಡ್ಕೊತಾರೆ, ಮನೇಲಿ ಮಗು ಇದೆ ನಂಗೆ. ನೀನು ಹಾಕು. ಜೊತೆಗಿದ್ದೋನು ಹಾಕ್ಬಹುದು, ಆದ್ರೆ ಸ್ಟಾಫ್ ಆಗಿರ್ಬೇಕು. ಶುಕ್ರವಾರ ಸೈನ್ ಮಾಡು, ಐಡಿ ಬರುತ್ತೆ, ಅಲ್ಲೇ ಕೂತು ಹಾಕು."

ಅವನು ಆ ಅರ್ಜಿಯ ಪಟ ಕಳಿಸಿದ. ಎರಡೇ ಪ್ರಶ್ನೆ. ಈ ವಿಳಾಸದೊಂದಿಗೆ ನಿಮಗೆ ಸಂಬಂಧವಿದೆಯೇ? ಮೊದಲ ವರದಿ ತಪ್ಪಾಗಲು ಕಾರಣವೇನು? ಕೆಳಗೆ ಸಹಿ.

ಮನೆಗೆ ಬಂದು ಒಂದು ಹಾಳೆಯ ಮೇಲೆ ಉತ್ತರ ಬರೆದು ನೋಡಿದೆ. 'ಇದು ನನ್ನ ಮನೆ. ನಾನು ಸ್ಥಳದಲ್ಲಿದ್ದೆ. ಸತ್ಯ ಗೊತ್ತಿದ್ದೂ ಸುಮ್ಮನಿದ್ದೆ.' ಓದಿದಾಗ ಬೇರೆ ಯಾರೋ ನನ್ನ ಬಗ್ಗೆ ಬರೆದಂತಿತ್ತು. ಹರಿದೆ. 'ತಪ್ಪು ತಿಳಿವಳಿಕೆಯಿಂದ' ಎಂದು ಬರೆದೆ. ಅದೂ ನಿಲ್ಲುವ ಮಾತಲ್ಲ. ಹರಿದೆ. ಈ ಅರ್ಜಿ ಮೇಡಂ ಓದುತ್ತಾರೆ, ಆ ಬ್ಯಾಂಕಿನವರು ಓದುತ್ತಾರೆ. ವರದಿ ಹಸಿರಾಗುವಾಗ ಏಕೆ ಕೆಂಪಾಗಿತ್ತೆಂದು ಮಹಾದೇವಿಗೂ ತಿಳಿಯುತ್ತದೆ.

ಬುಧವಾರ ಅಪ್ಪನಿಗೆ ರೀ-ವಿಸಿಟ್ ಸಂಗತಿ ಹೇಳಿದೆ. ಬೈಕಿನ ಮೇಲೆ ಇದ್ದವನು ನಾನೆಂಬುದನ್ನು ಹೇಳಲಿಲ್ಲ.

"ಮತ್ತೆ ಫೋಟೋ ಹಿಡೀತಾರಾ?"

"ಹಿಡೀಲೇಬೇಕು. ಮೂರನೇ ಮಹಡಿದು, ಬಾಗಿಲು ಸಮೇತ. ನಾವು ಸೈನ್ ಹಾಕ್ಬೇಕು, ಇಲ್ಲಿ ಬಾಡಿಗೆಗೆ ಇದಾರೆ ಅಂತ."

"ಹಿಂದಿನ ಬೀದಿ ಗೋಡೆ ನೋಡಿದ್ಯಾ?"

"ನೋಡಿದೆ."

"ನೋಡಿದ್ಮೇಲೂ ಕೇಳ್ತೀಯಲ್ಲೋ." ಅಪ್ಪ ಮೆಟ್ಟಿಲ ಮೇಲೆ ಕೂತರು. "ಕೆಲ್ಸಕ್ಕೆ ಸೇರು, ಬೇಡ ಅನ್ನಲ್ಲ. ಇದೊಂದು ಮುಟ್ಬೇಡ. ಆ ಹುಡುಗಿ ಚುರುಕಾಗವ್ಳೆ, ಅವಳಿಗೆ ಬೇರೆ ಕೆಲ್ಸ ಸಿಗುತ್ತೆ. ನಮಗೆ ಬೇರೆ ಮನೆ ಇಲ್ಲ."

ಅದು ನಿಜವಲ್ಲ, ಸುಬ್ರಹ್ಮಣ್ಯಪುರದಲ್ಲಿ ನಮಗೆ ಎರಡು ಸೈಟುಗಳಿದ್ದವು. ಆದರೆ ಹೇಳುವಾಗ ಅಪ್ಪನ ದನಿಯಲ್ಲಿದ್ದ ಹೆದರಿಕೆ ನಿಜವಾಗಿತ್ತು.

ಶುಕ್ರವಾರ ಜೆ.ಪಿ. ನ‌ಗರಕ್ಕೆ ಹೋದೆ. ಬೇಕರಿಯ ಮೆಟ್ಟಿಲು ಹತ್ತುವವರೆಗೂ ಸಹಿ ಹಾಕಬೇಕೆಂದೇ ಇದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮೇಡಂ ಪತ್ರ ಬಿಡಿಸಿ, ಗೆರೆಯಿದ್ದ ಜಾಗಕ್ಕೆ ಬೆರಳಿಟ್ಟು, ಪೆನ್ನು ಕೊಟ್ಟರು. ಪಕ್ಕದ ಮೇಜಿನಲ್ಲಿ ಮುರಳಿ ತಲೆ ತಗ್ಗಿಸಿಕೊಂಡು ಏನೋ ಟೈಪ್ ಮಾಡುತ್ತಿದ್ದ. ಪೆನ್ನಿನ ಮುಚ್ಚಳ ತೆಗೆದೆ. ಸಹಿ ಹಾಕಿ ಆ ಅರ್ಜಿ ಹಾಕುವುದು ಒಂದು ದಾರಿ. ಸಹಿ ಹಾಕಿ ಅರ್ಜಿ ಹಾಕದಿರುವುದು ಅಪ್ಪ ತೋರಿಸಿದ ದಾರಿ. ಅದು ಹೊಲಸೆಂದು ನನಗೆ ಸ್ಪಷ್ಟವಿತ್ತು. ಆಗ ಮೂರನೆಯದೊಂದು ಹೊಳೆಯಿತು. ಸಹಿಯನ್ನೇ ಹಾಕದಿದ್ದರೆ ಅರ್ಜಿ ಹಾಕುವ ಹಕ್ಕೇ ನನಗೆ ಬರುವುದಿಲ್ಲ. ಹಕ್ಕಿಲ್ಲದ ಮೇಲೆ ಹಾಕಲಿಲ್ಲವೇಕೆಂದು ಯಾರೂ ಕೇಳುವಂತಿಲ್ಲ, ನಾನೂ ಕೇಳಿಕೊಳ್ಳಬೇಕಾಗಿಲ್ಲ.

"ಈ ಕೆಲಸ ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ ಮೇಡಂ," ಎಂದೆ. ದನಿ ಎಷ್ಟು ಸ್ಥಿರವಾಗಿತ್ತೆಂದರೆ ನನಗೇ ಹೆಮ್ಮೆಯಾಯಿತು. "ಜನರ ಬದುಕಿನ ಜೊತೆ ಹೀಗೆ ಆಡೋದು ಸರಿಯಲ್ಲ."

ಮೇಡಂ ನನ್ನನ್ನು ನೋಡಲೂ ಇಲ್ಲ. "ಸರಿ," ಎಂದು ಪತ್ರವನ್ನು ಎರಡಾಗಿ ಹರಿದು, ಮುಂದಿನ ಹೆಸರಿಗೆ ಫೋನ್ ಹಚ್ಚಿದರು. ಮುರಳಿ ಮೆಟ್ಟಿಲಿನವರೆಗೆ ಹಿಂದೆಯೇ ಬಂದ.

"ಆ ಹುಡುಗಿ ಕೇಸು?"

ನಾನು ಏನೋ ಹೇಳಿದೆ. ಏನೆಂದು ನೆನಪಿಲ್ಲ, ನೆನಪು ಮಾಡಿಕೊಳ್ಳಲು ಪ್ರಯತ್ನವನ್ನೂ ಪಟ್ಟಿಲ್ಲ. ಅವನು ಹೇಳಿದ್ದು ನೆನಪಿದೆ: "ನಾಳೆ ಕ್ಲೋಸ್ ಆಗುತ್ತೆ ಗುರು. ಆಮೇಲೆ ದೇವ್ರು ಬಂದ್ರೂ ಕೆಂಪೇ."

ಶನಿವಾರ ಬೆಳಗಿನಿಂದ ಸಂಜೆಯವರೆಗೆ ಜಿಟಿಜಿಟಿ ಹನಿ. ನಾನು ಮನೆಯಲ್ಲೇ ಇದ್ದೆ. ಮಹಾದೇವಿ ಬಿಟಿಎಂನ ಹಳೇ ಕಚೇರಿಗೆ ಹೋಗಿ ಬಂದಳು. ಅವಳ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು. ಭಾನುವಾರ ಅವಳ ಅಣ್ಣನ ಫೋನ್ ಬಂತು. ಸೋಮವಾರ ಬೆಳಿಗ್ಗೆ ಅವಳು ಸಾಮಾನು ಕಟ್ಟಿದಳು. ಪಂಚಮಿಗೆ ಇನ್ನೂ ಎರಡು ವಾರವಿತ್ತು.

ಅಜ್ಜಿ ಒಳಗಿನಿಂದ ಹೊರಗೆ ಬರಲಿಲ್ಲ. ನಾನು ಟ್ರಂಕು ಹೊತ್ತು ಇಳಿಸಿ ಆಟೋದಲ್ಲಿಟ್ಟೆ. ಅವಳು ಬೀಗದ ಕೈ ನನ್ನ ಅಂಗೈಗೆ ಹಾಕಿ, ಹೋಗದೆ ನಿಂತಳು.

"ಕೆಲಸಾ ಬ್ಯಾಡ ಅಂದ್ರಂತಲ್ರೀ? ಅಪ್ಪಾರು ಹೇಳಿದ್ರು. ಶುಕ್ರಾರದಿಂದ ಮಾರಿ ಉಬ್ಬಿಸ್ಕೊಂಡು ಅಡ್ಡಾಡ್ತಾರ."

"ಹೂಂ."

"ಅದ ಥರದ ಕಂಪನಿ ಅಂತಲ್ರೀ, ನನ್ನ ಕೆಲಸಾ ಕಳದವರ ಥರದ್ದು?"

"ಅದೇ ಥರದ್ದು."

ಆಟೋದವನು ಎಂಜಿನ್ ಚಾಲೂ ಮಾಡಿದ. ಅವಳು ಸದ್ದಿಗಿಂತ ಸ್ವಲ್ಪ ಮೇಲೆ ದನಿ ಎತ್ತಿ ಕೇಳಿದಳು, "ನನ್ನ ಸಲುವಾಗಿ ಬಿಟ್ರೇನ್ರಿ?"

ಶನಿವಾರ ಕಳೆದುಹೋಗಿತ್ತು. ನಿಜ ಹೇಳಿದರೂ ಅವಳಿಗಿನ್ನು ಏನೂ ಸಿಗುತ್ತಿರಲಿಲ್ಲ, ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

"ಹೂಂ," ಎಂದೆ.

ಅವಳ ಕಣ್ಣು ತುಂಬಿಕೊಂಡವು. "ಚಲೋ ಮಾಡಿದ್ರಿ. ಅಂಥಾದ್ದು ನಿಮ್ಮಂಥಾರು ಮಾಡಬಾರದ್ರಿ. ಈ ಊರಾಗ ಒಬ್ಬರರ ನನ್ನ ಸಲುವಾಗಿ ಇಷ್ಟು ಮಾಡಿದ್ರಲ್ಲ," ಎಂದು ಹತ್ತಿ ಕೂತಳು. ಆಟೋ ತಿರುಗುವಾಗ ಹೊರಗೆ ಬಾಗಿ ಎರಡೂ ಕೈ ಜೋಡಿಸಿ ನನಗೆ ಮುಗಿದಳು. ನಾನೂ ಬೀಗದ ಕೈಯನ್ನು ನಡುವೆ ಹಿಡಿದುಕೊಂಡೇ ಕೈ ಮುಗಿದೆ.